ನಾಲ್ವರು ಮುನಿಸ್ವಾಮಿಗಳು

ದಸರಾ ರಜೆಯಲ್ಲಿ ಮೇಷ್ಟರು ಮನೆಯಲ್ಲಿ ಸಿಕ್ಕಿಬಿದ್ದರೆ ಮುಗಿಯಿತು. ತೆಂಗಿನಕಾಯಿ ಸುಲಿಯುವುದರಿಂದ ಹಿಡಿದು ಅಟ್ಟ ಗುಡಿಸುವವರೆಗೆ ಎಲ್ಲ ಕೆಲಸವೂ ಅವನ ಹೆಸರಿಗೇ ಬರುತ್ತದೆ. ಆದ್ದರಿಂದ ಬೆಂಗಳೂರಿನಲ್ಲಿ ಒಂದು ಸಣ್ಣ ಕೆಲಸವಿದೆ ಎಂದು ಮನೆಯಾಕೆಗೆ ಹೇಳಿ, ಒಂದು ಶನಿವಾರ ಬೆಳಿಗ್ಗೆಯೇ ಬಂಗಾರಪೇಟೆ ಸ್ಟೇಷನ್ನಿಗೆ ಬಂದುಬಿಟ್ಟೆ. ಮಾರಿಕುಪ್ಪಂ ಕಡೆಯಿಂದ ರೈಲು ಬಂತು. ವಾರದ ದಿನಗಳಲ್ಲಿ ಈ ರೈಲಿನಲ್ಲಿ ಒಂದು ಕಾಲೂರಲು ಜಾಗ ಸಿಕ್ಕಿದರೆ ಪುಣ್ಯ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂದು ಕೆ.ಜಿ.ಎಫ್.ನ ಅರ್ಧ ಊರೇ ಅದರಲ್ಲಿ ಬೆಂಗಳೂರಿಗೆ ದುಡಿಯಲು ಹೋಗುತ್ತದೆ, ಕತ್ತಲಾದ ಮೇಲೆ ಅದರಲ್ಲೇ ವಾಪಸ್ಸು ಬರುತ್ತದೆ. ಅಂದು ಶನಿವಾರವಾದ್ದರಿಂದ ಸ್ವಲ್ಪ ಗಾಳಿಯಾಡುತ್ತಿತ್ತು.

"ಸಾರ್, ಇಲ್ಲಿ ಬನ್ನಿ ಸಾರ್" ಎಂದು ಕಿಟಕಿಯ ಪಕ್ಕದಿಂದ ಒಬ್ಬ ಎದ್ದು ನಿಂತ. ನನ್ನ ಹಳೆಯ ವಿದ್ಯಾರ್ಥಿ. ಒಂದನೇ ತರಗತಿಯಿಂದ ಹತ್ತನೆಯವರೆಗೆ ನಮ್ಮ ಶಾಲೆಯಲ್ಲೇ ಓದಿದವನು. ನಾನು ಅವನಿಗೆ ಬೆಳಕಿನ ವಕ್ರೀಭವನ ಹೇಳಿಕೊಟ್ಟಿದ್ದೆ. ಈಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ.

"ಏನಪ್ಪಾ, ಸಾಫ್ಟ್‌ವೇರಿನವರಿಗೂ ಶನಿವಾರ ಕೆಲಸವಾ?" ಎಂದೆ.

"ಬೇರೆಯವರಿಗಿಲ್ಲ ಸಾರ್, ನಮಗೆ ಮಾತ್ರ. ನಾನು ಡಿ.ಬಿ.ಎ., ಡೇಟಾಬೇಸ್ ನೋಡಿಕೊಳ್ಳೋನು. ಎಲ್ಲರೂ ಮನೆಯಲ್ಲಿ ಮಲಗಿರುವಾಗ ನಾವು ಹೋಗಿ ಅದನ್ನು ನಿಲ್ಲಿಸಿ ರಿಪೇರಿ ಮಾಡಬೇಕು. ರೈಲಿಲ್ಲದ ಹೊತ್ತು ನೋಡಿ ಹಳಿ ಸರಿ ಮಾಡ್ತಾರಲ್ಲ, ಹಾಗೆ."

ನಮ್ಮ ಬಿ.ಎಸ್ಸಿ. ಕಾಲದಲ್ಲಿ ಕಾಲೇಜಿಗೆಲ್ಲ ಸೇರಿ ಒಂದೇ ಕಂಪ್ಯೂಟರು. ಅದಕ್ಕೊಂದು ಬೀಗ ಹಾಕಿದ ಕೋಣೆ. ಚಪ್ಪಲಿ ಹೊರಗೆ ಬಿಟ್ಟು, ದೂರದಿಂದ ದರ್ಶನ ಮಾಡಿ ಬರಬೇಕು. ಅಂಥ ಕಾಲದವನಾದ ನನಗೆ ಡೇಟಾಬೇಸ್ ಎಂದರೇನೆಂದು ಅವನು ಬಹಳ ತಾಳ್ಮೆಯಿಂದ ಹೇಳಿದ. "ನಿಮ್ಮ ಹಾಜರಿ ಪುಸ್ತಕ ಇದೆಯಲ್ಲ ಸಾರ್, ಅಡ್ಡ ಸಾಲು, ಉದ್ದ ಸಾಲು, ಅದೇ. ಅಂಥ ಸಾವಿರ ಪುಸ್ತಕ ಅಂದುಕೊಳ್ಳಿ. ಹತ್ತು ಸಾವಿರ ಮೇಷ್ಟ್ರು ಒಂದೇ ಸಲ ಅದರಲ್ಲಿ ಬರೀತಾ ಇರ್ತಾರೆ. ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರದು ಬೀಳದ ಹಾಗೆ, ಪುಸ್ತಕ ಕಳೆದುಹೋಗದ ಹಾಗೆ, ಕೇಳಿದ ಪುಟ ತಕ್ಷಣ ಸಿಗೋ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ."

ಹೀಗೆ ಮಾಹಿತಿಯನ್ನೆಲ್ಲ ಅಡ್ಡಸಾಲು ಉದ್ದಸಾಲುಗಳ ಕೋಷ್ಟಕಗಳಲ್ಲಿಟ್ಟು, ಅದು ಎಲ್ಲಿದೆ ಎಂದು ಹುಡುಕದೆ ಏನು ಬೇಕು ಎಂದಷ್ಟೇ ಕೇಳಿ ಪಡೆಯಬಹುದು ಎಂದು 1970ರಲ್ಲಿ ಒಂದು ಪ್ರಬಂಧದ ಮೂಲಕ ತೋರಿಸಿಕೊಟ್ಟವನು ಐ.ಬಿ.ಎಂ. ಕಂಪನಿಯಲ್ಲಿದ್ದ ಎಡ್ಗರ್ ಕಾಡ್ ಎಂಬ ಇಂಗ್ಲೆಂಡಿನ ಗಣಿತಜ್ಞ. ಅದಕ್ಕಾಗಿ 1981ರಲ್ಲಿ ಅವನಿಗೆ ಟ್ಯೂರಿಂಗ್ ಪ್ರಶಸ್ತಿ ಬಂತು. ಬ್ಯಾಂಕು, ರೈಲ್ವೆ ಟಿಕೆಟ್ಟು, ಪಹಣಿ, ಪರೀಕ್ಷೆಯ ಫಲಿತಾಂಶ, ಹೆಚ್ಚುಕಡಿಮೆ ಎಲ್ಲವೂ ಇಂದು ಅಂಥ ಕೋಷ್ಟಕಗಳ ಮೇಲೆಯೇ ನಿಂತಿವೆ. ಅದರಲ್ಲಿ ಒಂದು ಮುಖ್ಯ ನಿಯಮವಿದೆ. ತರಗತಿಯಲ್ಲಿ ಮೂವರು ಮಂಜುನಾಥರಿದ್ದರೂ ಹಾಜರಿ ಸಂಖ್ಯೆ ಬೇರೆ ಬೇರೆ ಇರುತ್ತದೆ. ಹೆಸರು ಎರಡಾಗಬಹುದು, ಆ ಸಂಖ್ಯೆ ಎರಡಾಗಕೂಡದು. ಅದಕ್ಕೆ ಅವರು ಪ್ರೈಮರಿ ಕೀ ಎನ್ನುತ್ತಾರೆ. ಇದನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

"ನಿಮ್ಮಲ್ಲಿ ನಗೆಹನಿ ಏನಾದರೂ ಉಂಟೋ, ಬರೀ ರಿಪೇರಿಯೋ?" ಎಂದು ಕೇಳಿದೆ. ಅವನಿಗೆ ಉತ್ಸಾಹ ಬಂತು.

"ಒಬ್ಬ ಡೇಟಾಬೇಸಿನವನು ಹೋಟೆಲಿಗೆ ಹೋದ ಸಾರ್. ಎರಡು ಟೇಬಲ್ ಖಾಲಿ ಇದ್ದವು. ಅವುಗಳ ಮುಂದೆ ನಿಂತು ಕೈಮುಗಿದು, 'ನಿಮ್ಮಿಬ್ಬರನ್ನೂ ಸೇರಿಸಬಹುದಾ?' ಅಂತ ಕೇಳಿದ."

ಅವನು ಬಿದ್ದು ಬಿದ್ದು ನಕ್ಕ. ನಾನು ಕಿಟಕಿಯ ಕಡೆ ನೋಡಿದೆ. ಕೋಷ್ಟಕಕ್ಕೂ ಟೇಬಲ್ ಎಂದೇ ಹೆಸರು, ಎರಡು ಕೋಷ್ಟಕಗಳನ್ನು ಹೊಂದಿಸಿ ಓದುವುದಕ್ಕೆ ಜಾಯಿನ್ ಎನ್ನುತ್ತಾರೆ ಎಂದು ಅವನು ವಿವರಿಸಿದ ಮೇಲೆ ನಾನೂ ಒಂದಿಷ್ಟು ನಕ್ಕೆ. ವಿವರಿಸಿದ ಮೇಲೆ ಬರುವ ನಗು ಎಂಥದ್ದೆಂದು ಮೂವತ್ತು ವರ್ಷ ಪಾಠ ಮಾಡಿದ ನನಗೆ ಚೆನ್ನಾಗಿ ಗೊತ್ತು.

ಆದರೆ ಅವನ ಉಳಿದ ಮಾತುಗಳಿಗೆ ವಿವರಣೆ ಬೇಕಾಗಲಿಲ್ಲ. ಕಂಪನಿಯಲ್ಲಿ ಏನು ಕೆಟ್ಟರೂ ಮೊದಲು ಬರುವ ಮಾತು "ಡೇಟಾಬೇಸ್ ಸ್ಲೋ ಆಗಿದೆ" ಎಂಬುದಂತೆ. ಇಂಟರ್ನೆಟ್ ತಂತಿ ಕಿತ್ತುಹೋಗಿದ್ದರೂ ಅದೇ, ಕಂಪ್ಯೂಟರಿನ ಪ್ಲಗ್ಗು ಸಡಿಲವಾಗಿದ್ದರೂ ಅದೇ. ನಮ್ಮಲ್ಲಿ ಮಗು ಯಾವ ವಿಷಯದಲ್ಲಿ ಫೇಲಾದರೂ ವಿಜ್ಞಾನದ ಮೇಷ್ಟರ ಮೇಲೆಯೇ ಬರುವುದಿಲ್ಲವೆ? ಎಲ್ಲ ಸರಿಯಾಗಿ ನಡೆದ ದಿನ ಮಾತ್ರ ಯಾರೂ ಫೋನ್ ಮಾಡುವುದಿಲ್ಲ. "ವರ್ಷದಲ್ಲಿ ಮುನ್ನೂರ ಅರವತ್ತು ದಿನ ನಾನು ಅಂತ ಒಬ್ಬ ಇದ್ದೀನಿ ಅನ್ನೋದೇ ಅವರಿಗೆ ಗೊತ್ತಿರೋದಿಲ್ಲ ಸಾರ್. ಉಳಿದ ಐದು ದಿನ ನನ್ನನ್ನು ಬಿಟ್ಟು ಬೇರೆ ಯಾರೂ ಇರೋದಿಲ್ಲ" ಎಂದ.

ಹೊಸಬರು ಅವಸರದಲ್ಲಿ ಆಜ್ಞೆಯನ್ನು ಅರ್ಧ ಬರೆದುಬಿಡುತ್ತಾರಂತೆ. ಉದಾಹರಣೆಗೆ, "ಹಿಂದಿನ ಬೆಂಚಿನ ಆ ಹುಡುಗನನ್ನು ಹೊರಗೆ ಕಳಿಸು" ಎಂದು ನಾನು ಲೀಡರಿಗೆ ಹೇಳಬೇಕು. ಯಾರನ್ನು ಎಂಬುದನ್ನು ಬಿಟ್ಟು "ಹೊರಗೆ ಕಳಿಸು" ಎಂದಷ್ಟೇ ಹೇಳಿದರೆ? ಲೀಡರು ಮನುಷ್ಯನಾದ್ದರಿಂದ "ಯಾರನ್ನು ಸಾರ್?" ಎನ್ನುತ್ತಾನೆ. ಕಂಪ್ಯೂಟರ್ ಕೇಳುವುದಿಲ್ಲ, ಇಡೀ ತರಗತಿಯನ್ನು ಖಾಲಿ ಮಾಡುತ್ತದೆ. ಆಮೇಲೆ ರಾತ್ರಿ ಎರಡು ಗಂಟೆಗೆ ಇವನಿಗೆ ಫೋನು.

ಇನ್ನೊಂದು ತೊಂದರೆಯ ಹೆಸರು ಡೆಡ್‌ಲಾಕ್. ಒಬ್ಬ ಹುಡುಗನ ಕೈಯಲ್ಲಿ ಸ್ಕೇಲು, ಇನ್ನೊಬ್ಬನ ಕೈಯಲ್ಲಿ ಕೈವಾರ. ಚಿತ್ರ ಬರೆಯಲು ಇಬ್ಬರಿಗೂ ಎರಡೂ ಬೇಕು. "ನೀನು ಕೊಡು, ಆಮೇಲೆ ನಾನು ಕೊಡುತ್ತೇನೆ" ಎಂದು ಇಬ್ಬರೂ ಕುಳಿತರೆ ಸಂಜೆಯ ಗಂಟೆ ಹೊಡೆದರೂ ಚಿತ್ರವಾಗದು. ಆಗ ಡೇಟಾಬೇಸೇ ಒಬ್ಬನನ್ನು ಆರಿಸಿ, ಕೈಯಲ್ಲಿದ್ದುದನ್ನು ಕಸಿದು, ಮೊದಲಿನಿಂದ ಶುರು ಮಾಡು ಎಂದು ಅಟ್ಟುತ್ತದೆ. ನಮ್ಮ ಪಿ.ಟಿ. ಮೇಷ್ಟರ ವಿಧಾನವೂ ಇದೇ.

"ನಮ್ಮಲ್ಲಿ ಎರಡೇ ಜಾತಿ ಸಾರ್" ಎಂದ. "ಬ್ಯಾಕಪ್ ಇಟ್ಟವರು, ಇನ್ನು ಮೇಲೆ ಇಡುವವರು." ಇದಕ್ಕೆ ಅವನು ಕೊಟ್ಟ ದೃಷ್ಟಾಂತ ಲೋಕಪ್ರಸಿದ್ಧವಾದದ್ದು. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರೊಬ್ಬ, ಬೇರೊಂದು ಯಂತ್ರದಲ್ಲಿದ್ದ ನಕಲನ್ನು ಅಳಿಸಲು ಹೋಗಿ ಮೂಲವನ್ನೇ ಅಳಿಸತೊಡಗಿದ. ತಪ್ಪು ತಿಳಿದು ಒಂದೆರಡು ಸೆಕೆಂಡಿನಲ್ಲಿ ನಿಲ್ಲಿಸಿದರೂ, ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದದ್ದು ನಾಲ್ಕೂವರೆ. ಬ್ಯಾಕಪ್ಪಿನ ಐದು ವ್ಯವಸ್ಥೆಗಳಿದ್ದವು, ಸಮಯಕ್ಕೆ ಒಂದೂ ಆಗಲಿಲ್ಲ. ಆರು ಗಂಟೆ ಮುಂಚೆ ಅದೃಷ್ಟವಶಾತ್ ಯಾವುದೋ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ನಕಲು ಅವರ ಮಾನ ಉಳಿಸಿತು. ಆ ಕಂಪನಿ ಇದನ್ನು ಮುಚ್ಚಿಡಲಿಲ್ಲ. ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರವಾಗಿ ಲೋಕಕ್ಕೆಲ್ಲ ತೋರಿಸಿತು. ಪ್ರಯೋಗಶಾಲೆಯಲ್ಲಿ ಬೀಕರು ಒಡೆದ ಹುಡುಗ ಚೂರುಗಳನ್ನು ಬೀರುವಿನ ಹಿಂದೆ ಬಚ್ಚಿಡದೆ ತಾನೇ ಬಂದು ಹೇಳಿದ ಹಾಗೆ.

ರೈಲು ಟೇಕಲ್ ದಾಟಿತ್ತು. ಅವನು ಕಾಗದ ತೆಗೆದು "ನಲ್" ಎಂದು ಬರೆದ. ಡೇಟಾಬೇಸಿನವರನ್ನು ಹೆಚ್ಚು ಗೋಳು ಹುಯ್ದುಕೊಳ್ಳುವುದು ಇದಂತೆ. ನಲ್ ಎಂದರೆ ಸೊನ್ನೆಯಲ್ಲ, ಬೆಲೆ ಗೊತ್ತಿಲ್ಲ ಎಂದರ್ಥ. ಇದನ್ನು ಮಾತ್ರ ನಾನು ಅವನಿಗಿಂತ ಮೊದಲೇ ಅರ್ಥಮಾಡಿಕೊಂಡೆ. ಪರೀಕ್ಷೆ ಬರೆದು ಸೊನ್ನೆ ತೆಗೆದವನೂ ಪರೀಕ್ಷೆಗೇ ಬಾರದವನೂ ಒಂದೇ ಅಲ್ಲ. ಮೊದಲನೆಯವನಿಗೆ 0, ಎರಡನೆಯವನಿಗೆ "ಗೈರು". ಸರಾಸರಿ ತೆಗೆಯುವಾಗ ಸೊನ್ನೆಯವನು ಲೆಕ್ಕಕ್ಕೆ ಬರುತ್ತಾನೆ, ಗೈರಾದವನು ಬರುವುದಿಲ್ಲ. ಇಬ್ಬರು ಗೈರಾಗಿದ್ದರೆ ಇಬ್ಬರ ಅಂಕವೂ ಸಮ ಎಂದು ಹೇಳಬಹುದೆ? ಹೇಳಲಾಗದು. ಕಂಪ್ಯೂಟರೂ ಹೇಳುವುದಿಲ್ಲವಂತೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2016ರಲ್ಲಿ ಒಬ್ಬಾತ ತಮಾಷೆಗೆಂದು ಕಾರಿನ ನಂಬರ್ ಪ್ಲೇಟಿನ ಮೇಲೆ "ನಲ್" ಎಂದೇ ಬರೆಸಿಕೊಂಡ. ಪೊಲೀಸರು ನಂಬರು ತುಂಬದೆ ಬಿಟ್ಟ ಯಾರ ಯಾರದೋ ದಂಡದ ಚೀಟಿಗಳು ಕೊನೆಗೆ ಅವನ ಮನೆಗೆ ಬರತೊಡಗಿದವು. ಒಟ್ಟು 12 ಸಾವಿರ ಡಾಲರಿಗೂ ಹೆಚ್ಚು!

"ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಬಿಡೋದು ಒಳ್ಳೇದು ಸಾರ್. ಸುಮ್ಮನೆ ಏನಾದರೂ ತುಂಬಿದರೆ ಆಮೇಲೆ ನಿಜ ಯಾವುದು, ತುಂಬಿದ್ದು ಯಾವುದು ಅಂತ ತಿಳಿಯೋದೇ ಇಲ್ಲ" ಎಂದವನು, ಸ್ವಲ್ಪ ತಡೆದು, "ನನ್ನ ಹುಟ್ಟಿದ ದಿನ ಜೂನ್ 1 ಸಾರ್. ಅಣ್ಣಂದೂ ಜೂನ್ 1, ಪಕ್ಕದ ಮನೆಯವನದೂ ಜೂನ್ 1" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಜೂನ್ ತಿಂಗಳಲ್ಲಿ ದಾಖಲಾತಿ ಮೇಜಿನ ಹಿಂದೆ ಕೂರುತ್ತಿದ್ದವರಲ್ಲಿ ನಾನೂ ಒಬ್ಬ. ಹುಟ್ಟಿದ ತಾರೀಖು ಕೇಳಿದರೆ ತಂದೆತಾಯಿ "ಮಳೆಗಾಲ ಸಾರ್", "ಜಾತ್ರೆ ಮುಗಿದ ಮೇಲೆ ಸಾರ್" ಎನ್ನುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಯಾಗಬೇಕಲ್ಲ, ಜೂನ್ 1 ಎಂದು ಬರೆದು "ಮುಂದಿನವರು" ಎನ್ನುತ್ತಿದ್ದೆವು. ಹೀಗೆ ನಾವು ಹುಟ್ಟಿಸಿದ ಮಕ್ಕಳೆಷ್ಟೋ.

"ಅಪ್ಪ ಹೇಗಿದ್ದಾರಪ್ಪಾ?" ಎಂದು ಮಾತು ಬದಲಿಸಿದೆ.

"ಹೋಗಿಬಿಟ್ಟರು ಸಾರ್, ಎರಡು ವರ್ಷ ಆಯ್ತು."

ಅವನ ತಂದೆ ಚಿನ್ನದ ಗಣಿಯಲ್ಲಿದ್ದವರು. ನಿಜವಾದ ಹೆಸರು ಇಲ್ಲಿ ಬೇಡ, ಮುನಿಸ್ವಾಮಿ ಎಂದಿಟ್ಟುಕೊಳ್ಳೋಣ. ನಮ್ಮ ಕಡೆ ಆ ಹೆಸರಿನವರು ಬೀದಿಗೆ ಹತ್ತು ಜನ ಸಿಗುತ್ತಾರೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದ್ದು. ಅಂಥ ಕಡೆ ಎಷ್ಟು ಜನ ಇಳಿದರೋ ಅಷ್ಟೇ ಜನ ಮೇಲೆ ಬಂದರೇ ಎಂಬ ಲೆಕ್ಕ ಒಂದು ಸಲವೂ ತಪ್ಪುವಂತಿಲ್ಲ. ನೆಲದ ಕೆಳಗೆ ಯಾರಿದ್ದಾರೆಂಬ ದಾಖಲೆ ಇಡಬೇಕೆಂದು 1952ರ ಗಣಿ ಕಾಯಿದೆಯೇ ಹೇಳುತ್ತಿತ್ತು. "ನನ್ನ ಕೆಲಸ ಏನು ಅಂತ ಅಪ್ಪನಿಗೆ ಹೇಳಿದಾಗ, 'ಓ, ಇಳಿದವರ ಲೆಕ್ಕ ಇಡೋದಾ? ಅದು ದೊಡ್ಡ ಕೆಲಸ' ಅಂದಿದ್ದರು ಸಾರ್. ಆಫೀಸಿನಲ್ಲಿ ಹಾಗೆ ಯಾರೂ ಅಂದಿಲ್ಲ" ಎಂದ.

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದ ಜನ ಮಾರನೆಯ ದಿನದಿಂದ ಕೆಲಸ ಹುಡುಕಿಕೊಂಡು ಇದೇ ರೈಲು ಹತ್ತಿದರು. ಮುನಿಸ್ವಾಮಿಯವರೂ ವರ್ಷಗಟ್ಟಲೆ ಬೆಂಗಳೂರಿನ ಒಂದು ಕಟ್ಟಡಕ್ಕೆ ವಾಚ್‌ಮನ್ ಆಗಿ ಹೋಗಿ ಬಂದರು. ಮಗ ಈಗ ಅದೇ ರೈಲಿನಲ್ಲಿ ಹೋಗುತ್ತಾನೆ.

ತಂದೆ ತೀರಿದ ಮೇಲೆ ತಾಯಿಗೆ ಕುಟುಂಬ ಪಿಂಚಣಿ ಬರಬೇಕು. ದೊಡ್ಡ ಮೊತ್ತವೇನಲ್ಲ. ಆದರೆ ಆಕೆಗೆ ಅದು ಗಂಡನ ದುಡಿಮೆಯ ಹಣ. ಅರ್ಜಿ ಹಾಕಿ ಹನ್ನೊಂದು ತಿಂಗಳಾದರೂ ಬಂದಿಲ್ಲ. ಕಾರಣ ಹೆಸರು. ಪಿಂಚಣಿ ಪತ್ರದಲ್ಲಿ ಮುನುಸ್ವಾಮಿ, ಮರಣ ಪ್ರಮಾಣಪತ್ರದಲ್ಲಿ ಮುನಿಸ್ವಾಮಿ, ಆಧಾರ್ ಕಾರ್ಡಿನಲ್ಲಿ ಮುನಿಸಾಮಿ. ಗಂಡ ಹೆಂಡತಿ ಇಬ್ಬರ ಹೆಸರೂ ಒಟ್ಟಿಗಿರುವ ಹಳೆಯ ದಾಖಲೆ ತನ್ನಿ ಎಂದರಂತೆ. ಮದುವೆಯ ಸರ್ಟಿಫಿಕೇಟು ಯಾರ ಹತ್ತಿರ ಇತ್ತು ಆಗ? ಮಗನ ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಕೊಟ್ಟರು. ಅದರಲ್ಲಿ ತಂದೆಯ ಹೆಸರು ಮುನ್ಸಾಮಿ!

"ಆ ಗುಮಾಸ್ತರದು ತಪ್ಪಿಲ್ಲ ಸಾರ್. ಅವರ ಜಾಗದಲ್ಲಿದ್ದರೆ ನಾನೂ ನಾಲ್ಕು ಸಾಲನ್ನು ಒಂದು ಮಾಡ್ತಿರಲಿಲ್ಲ. ತಪ್ಪು ಸೇರಿಸಿದರೆ ಇನ್ಯಾರದೋ ಹೆಂಡತಿಯ ಹಣ ಹೋಗುತ್ತಲ್ಲ. ಆದರೆ ಅಮ್ಮ ಕೇಳ್ತಾರೆ, 'ಊರವರ ಹೆಸರೆಲ್ಲ ಸರಿ ಮಾಡೋನು, ನಿಮ್ಮಪ್ಪನ ಹೆಸರು ಒಂದು ಸರಿ ಮಾಡಕ್ಕಾಗಲ್ವಾ' ಅಂತ."

ವೈಟ್‌ಫೀಲ್ಡ್ ಬಂತು. ಅವನು ಇಳಿಯುವ ಮುಂಚೆ, "ಅಂಕಪಟ್ಟಿಗೆ ಆ ಹೆಸರು ಬಂದದ್ದು ಶಾಲೆಯ ದಾಖಲಾತಿ ಪುಸ್ತಕದಿಂದ ಸಾರ್. ಸ್ವಲ್ಪ ನೋಡ್ತೀರಾ?" ಎಂದ. ಇದನ್ನು ಕೇಳಲಿಕ್ಕೆ ಅವನು ಬಂಗಾರಪೇಟೆಯಿಂದ ಸಂಕೋಚಪಡುತ್ತಿದ್ದ ಎಂದು ನನಗೆ ಆಗ ತಿಳಿಯಿತು.

ರಜೆ ಮುಗಿದ ಮೇಲೆ ಬೀರು ತೆಗೆಸಿ 1999ರ ಪುಸ್ತಕ ಹುಡುಕಿದೆ. ಪುಟ ಸಿಕ್ಕಿತು. ತಂದೆಯ ಹೆಸರು ಮುನ್ಸಾಮಿ. ಅಕ್ಷರ ಯಾರದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ನನ್ನದೇ. ಆ ಮನುಷ್ಯ ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದಿರಬೇಕು, ಬಾಯಲ್ಲಿ ಬಂದಂತೆ ಹೆಸರು ಹೇಳಿರಬೇಕು, ನಾನು ಕಿವಿಗೆ ಬಿದ್ದಂತೆ ಬರೆದು "ಮುಂದಿನವರು" ಎಂದಿರಬೇಕು. ಕೊನೆಯ ಕಾಲಮಿನಲ್ಲಿ ಪೋಷಕರ ಸಹಿ. ಅದು ತಮಿಳಿನಲ್ಲಿತ್ತು. ನನಗೆ ತೆಲುಗು ಚೆನ್ನಾಗಿ ಬರುತ್ತದೆ, ತಮಿಳು ಮಾತು ಅರ್ಥವಾಗುತ್ತದೆ, ಓದಲು ಬಾರದು. ಮೂವತ್ತು ವರ್ಷ ಕೆ.ಜಿ.ಎಫ್.ನಲ್ಲಿ ಪಾಠ ಮಾಡಿದವನು ಹೇಳಿಕೊಳ್ಳುವಂಥ ಮಾತಲ್ಲ ಅದು. ಸಹೋದ್ಯೋಗಿಯೊಬ್ಬರು ಓದಿ ಹೇಳಿದರು: "ಮುನುಸಾಮಿ."

ಐದನೆಯದು! ಆದರೆ ಆ ಮನುಷ್ಯ ತನ್ನ ಹೆಸರನ್ನು ತಾನೇ ಬರೆದದ್ದು ಈ ಒಂದೇ ಕಡೆ. ಉಳಿದ ನಾಲ್ಕನ್ನೂ ಬರೆದವರು ಇನ್ನೊಬ್ಬರು, ಅವರಲ್ಲಿ ನಾನೂ ಒಬ್ಬ. ಹೆಸರು ಏನೆಂದು ಆತ ನನ್ನ ಕಣ್ಣೆದುರಿಗೇ ಬರೆದುಕೊಟ್ಟಿದ್ದರೂ ನಾನು ಅದರ ಪಕ್ಕದಲ್ಲೇ ತಪ್ಪು ಬರೆದಿದ್ದೆ.

ಹುಡುಗನಿಗೆ ಫೋನ್ ಮಾಡಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಸಾರ್, ಪಿಂಚಣಿ ಫೈಲಿನಲ್ಲೂ ಅಪ್ಪನ ಸಹಿ ತಮಿಳಿನಲ್ಲೇ ಇರಬೇಕು. ಸಿಕ್ಕಿತು ಸಾರ್, ಪ್ರೈಮರಿ ಕೀ ಸಿಕ್ಕಿತು!" ಎಂದು ಕೂಗಿದ.

ಆ ಪುಟದ ದೃಢೀಕೃತ ನಕಲನ್ನು ಮುಖ್ಯೋಪಾಧ್ಯಾಯರಿಂದ ಕೊಡಿಸಿದೆ. ನಾಲ್ಕೂ ಹೆಸರಿನ ವ್ಯಕ್ತಿ ಒಬ್ಬರೇ ಎಂದು ತಾಯಿ ಸ್ಟಾಂಪ್ ಪೇಪರಿನ ಮೇಲೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿದರು. ಕಚೇರಿಯವರು ಹಳೆಯ ಫೈಲು ತೆಗೆಸಿ ನೋಡಿದರು. ಅದೇ ಸಹಿ, ಅದೇ ವಾಲಿಕೆ, ಕೊನೆಯಲ್ಲಿ ಅದೇ ಸುಳಿ. ಮೂರು ತಿಂಗಳ ಮೇಲೆ ಒಂದು ಸಂಜೆ ಹುಡುಗ ಬಂಗಾರಪೇಟೆಯಲ್ಲಿಳಿದು, ನಮ್ಮೂರಿನ ತಿಳಿನೀರಿನ ಪಾನಿಪುರಿ ಕಟ್ಟಿಸಿಕೊಂಡು ಮನೆಗೇ ಬಂದ.

"ಹಣ ಬಂತು ಸಾರ್. ಇಷ್ಟು ದಿನ ನಾಲ್ಕು ಜನ ಅಪ್ಪ ಇದ್ದರು, ಈಗ ಒಬ್ಬರೇ" ಎಂದು ನಕ್ಕ. ನಗುತ್ತಾ ಕಣ್ಣೊರೆಸಿಕೊಂಡ. ಈ ನಗೆಹನಿಗೆ ನನಗೆ ವಿವರಣೆ ಬೇಕಾಗಲಿಲ್ಲ.

ಈಗ ದಾಖಲಾತಿಯ ಹೆಸರುಗಳೆಲ್ಲ ಕಂಪ್ಯೂಟರಿಗೇ ಹೋಗುತ್ತವೆ. ಪುಸ್ತಕದಲ್ಲಿ ಮಾಡಿದ ತಪ್ಪು ಬೀರುವಿನಲ್ಲಿ ಧೂಳು ತಿನ್ನುತ್ತಾ ಬಿದ್ದಿರುತ್ತಿತ್ತು. ಕಂಪ್ಯೂಟರಿನಲ್ಲಿ ಮಾಡಿದ ತಪ್ಪು ಸಂಜೆಯೊಳಗೆ ಊರೂರು ಸುತ್ತಿ ಬರುತ್ತದೆ. ಆದ್ದರಿಂದ ಜೂನ್ ತಿಂಗಳಲ್ಲಿ ನಾನೀಗ ಬಹಳ ನಿಧಾನ. ಹೆಸರು ಬರೆದು, ತಿರುಗಿಸಿ ತೋರಿಸಿ, ಗಟ್ಟಿಯಾಗಿ ಓದಿ, "ಇದೇ ತಾನೇನಮ್ಮಾ?" ಎಂದು ಕೇಳುತ್ತೇನೆ. ಹಿಂದೆ ನಿಂತವರು ಗೊಣಗುತ್ತಾರೆ. "ಮೇಷ್ಟ್ರಿಗೆ ವಯಸ್ಸಾಯ್ತು" ಎಂದು ಹೊಸ ಗುಮಾಸ್ತ ಹೇಳಿದ್ದು ಕಿವಿಗೆ ಬಿತ್ತು.

ಆಗಲಿ. ನನ್ನ ಸರಿಯಾದ ವಯಸ್ಸು ಮಾತ್ರ ಯಾರೂ ಕೇಳದಿದ್ದರೆ ಸಾಕು. ದಾಖಲೆಯ ಪ್ರಕಾರ ನಾನು ಹುಟ್ಟಿದ್ದೂ ಜೂನ್ 1ನೇ ತಾರೀಖು.